ಬೆಂಗಳೂರಿನ ಕರೆಂಟ್ ಲೆಕ್ಕ: ಮೆಗಾವಾಟ್ ಆಮೇಲೆ, ಮೊದಲು ಗಂಟೆ ನೋಡಿ

ನಗರವನ್ನು ಶುದ್ಧ ವಿದ್ಯುತ್ತಿಗೆ ಹೊರಳಿಸುವ ಯೋಜನೆ ಅಂದರೆ ಮೊದಲ ಪುಟದಲ್ಲೇ ಒಂದು ಮೆಗಾವಾಟ್ ಸಂಖ್ಯೆ ಬಂದು ಕೂರುತ್ತದೆ. ಇಷ್ಟು ಸೋಲಾರ್, ಇಷ್ಟು ವರ್ಷದೊಳಗೆ. ಬೆಂಗಳೂರಿನ ಮಟ್ಟಿಗೆ ಆ ಸಂಖ್ಯೆಯಿಂದ ಶುರು ಮಾಡುವುದರಲ್ಲಿ ಅರ್ಥವಿಲ್ಲ. ಬಿಸಿಲಿನ ಹೊತ್ತಿನ ಕರೆಂಟಿಗೆ ಕರ್ನಾಟಕದಲ್ಲಿ ಬರ ಇಲ್ಲ; ಪಾವಗಡದ ಪಾರ್ಕ್ ಒಂದೇ 2,050 ಮೆಗಾವಾಟ್. ರೈತರ ಪಂಪ್‌ಸೆಟ್‌ಗಳಿಗೆ ಕರೆಂಟ್ ಒಯ್ಯುವ ಲೈನ್‌ಗಳನ್ನು (ಫೀಡರ್) ಹಗಲಿಗೆ ಹೊಂದಿಸಿರುವುದರಿಂದ ರಾಜ್ಯದ ಪೀಕ್ (ಬಳಕೆ ತುತ್ತತುದಿಗೇರುವ ಹೊತ್ತು) ಕೂಡ ಈಗ ಹಗಲಿಗೇ ಬೀಳುತ್ತದೆ. ನಗರದ ಕಷ್ಟ ಇರುವುದು ಬೇರೆ ಹೊತ್ತಿನಲ್ಲಿ: ಬೆಳಿಗ್ಗೆ ಗೀಸರ್ ಉರಿಯುವ 6ರಿಂದ 9, ಸಂಜೆ ಮನೆ, ಅಂಗಡಿ, ಬೀದಿದೀಪ ಎಲ್ಲ ಒಟ್ಟಿಗೆ ಉರಿಯುವ 6ರಿಂದ 10. ಆ ಹೊತ್ತಿಗೆ ಶರಾವತಿ ಬೇಕು, ರಾಯಚೂರಿನ ಕಲ್ಲಿದ್ದಲು ಬೇಕು. 2023ರಲ್ಲಿ ಮಳೆ ಕೈಕೊಟ್ಟು ಜಲಾಶಯ ತುಂಬದೆ, ಪಂಪ್‌ಸೆಟ್‌ಗಳು ಅಕ್ಟೋಬರ್‌ನಲ್ಲೇ ಓಡತೊಡಗಿದಾಗ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಹಿಡಿದು, ಇಲ್ಲಿ ಉತ್ಪಾದಿಸುವವರು ಹೊರಗೆ ಮಾರಬಾರದು ಎಂದು ಹೇಳಬೇಕಾಯಿತು. ಆ ವರ್ಷವೂ ಬಿಸಿಲು ಇತ್ತು, ಪ್ಯಾನೆಲ್‌ಗಳೂ ಇದ್ದವು.

ಹಾಗಾಗಿ ಕೇಳಬೇಕಾದ ಪ್ರಶ್ನೆ: ಯಾವ ಬಡಾವಣೆಯಲ್ಲಿ, ಯಾವ ಗಂಟೆಯಲ್ಲಿ, ಎಷ್ಟು ಲೋಡ್? ಇದಕ್ಕೆ ಉತ್ತರ ವಿಧಾನಸೌಧದಲ್ಲೂ ಸಿಗುವುದಿಲ್ಲ, ಕನ್ಸಲ್ಟೆಂಟ್ ವರದಿಯಲ್ಲೂ ಸಿಗುವುದಿಲ್ಲ. ಬೀದಿಯ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಬುಡದಲ್ಲಿ ಸಿಗುತ್ತದೆ.

ಮೊದಲ ಆರು ತಿಂಗಳ ಕೆಲಸ

ಒಂದು 66/11 ಕೆವಿ ಸ್ಟೇಷನ್ (66 ಸಾವಿರ ವೋಲ್ಟನ್ನು 11 ಸಾವಿರಕ್ಕೆ ಇಳಿಸುವ ಉಪಕೇಂದ್ರ) ಆರಿಸಿಕೊಳ್ಳಿ. ಅದರ ಪ್ರತಿ 11 ಕೆವಿ ಫೀಡರ್‌ನ ಗಂಟೆಗಂಟೆಯ ಲೋಡ್ ಒಂದು ವರ್ಷದ್ದು ತೆಗೆಯಿರಿ. 8,760 ಅಂಕಿ ಆಗುತ್ತದೆ. ಎಲ್ಲ ನೋಡುವ ಅಗತ್ಯವಿಲ್ಲ. ಏಪ್ರಿಲ್‌ನ ಒಂದು ವಾರ, ಜುಲೈನ ಮೋಡದ ಒಂದು ವಾರ, ಡಿಸೆಂಬರ್‌ನ ಒಂದು ವಾರ ಬಿಡಿಸಿ ನೋಡಿದರೆ ಫೀಡರ್‌ನ ಜಾತಕ ಗೊತ್ತಾಗುತ್ತದೆ. ಆಮೇಲೆ ಫೀಡರ್ ಕೆಳಗಿನ ಟಿ.ಸಿ.ಗಳು: ಸಾಮರ್ಥ್ಯ ಎಷ್ಟು ಕೆವಿಎ, ಪೀಕ್‌ನಲ್ಲಿ ಮೂರೂ ಫೇಸ್‌ನ (ಟಿ.ಸಿ.ಯಿಂದ ಹೊರಡುವ ಆರ್, ವೈ, ಬಿ ಎಂಬ ಮೂರು ತಂತಿಗಳ) ಕರೆಂಟ್ ಎಷ್ಟು, ಅದಕ್ಕೆ ಸೇರಿದ ಆರ್.ಆರ್. ನಂಬರ್‌ಗಳು (ಬಿಲ್ಲಿನ ಮೇಲಿರುವ ಗ್ರಾಹಕ ಸಂಖ್ಯೆ) ಯಾವುವು, ಮಂಜೂರಾದ ಲೋಡ್ ಎಷ್ಟು.

ಇಲ್ಲಿ ತಪ್ಪುಗಳು ಸಾಲುಗಟ್ಟಿ ಬರುತ್ತವೆ, ಅವಕ್ಕೆ ತಯಾರಾಗಿರಿ. ಟಿ.ಸಿ. ಮೀಟರ್‌ಗೆ ಹಾಕಿದ ಸಿ.ಟಿ. (ದೊಡ್ಡ ಕರೆಂಟನ್ನು ಮೀಟರ್‌ಗೆ ಹೊಂದುವಷ್ಟಕ್ಕೆ ಇಳಿಸಿ ಕೊಡುವ ಸಾಧನ) 400/5 ಇದ್ದು, ಕಂಪ್ಯೂಟರ್‌ನಲ್ಲಿ 200/5 ಎಂದು ನಮೂದಾಗಿದ್ದರೆ ಲೋಡ್ ಅರ್ಧವೇ ಕಾಣುತ್ತದೆ. ಸುಡಲು ತಯಾರಾಗಿರುವ ಟಿ.ಸಿ. ಕಾಗದದಲ್ಲಿ ಅರ್ಧ ಖಾಲಿ! ಬೇಸಿಗೆಯಲ್ಲಿ ತಾತ್ಕಾಲಿಕ ಅಂತ ಒಂದು ಫೀಡರ್‌ನಿಂದ ಇನ್ನೊಂದಕ್ಕೆ ಲೋಡ್ ವರ್ಗ ಮಾಡಿ, ಮಳೆಗಾಲ ಬಂದರೂ ವಾಪಸ್ ಮಾಡದೆ ಬಿಟ್ಟಿರುತ್ತಾರೆ. ನಕ್ಷೆ ಒಂದು ಹೇಳುತ್ತದೆ, ಲೈನ್ ಇನ್ನೊಂದು. ಮಂಜೂರಾದ ಲೋಡ್‌ಗಳನ್ನು ಕೂಡಿಸಿ ಅದನ್ನೇ ಪೀಕ್ ಅಂದುಕೊಳ್ಳುವುದು ಇನ್ನೊಂದು ದೊಡ್ಡ ತಪ್ಪು. ಎಲ್ಲರ ಗೀಸರ್, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಒಂದೇ ನಿಮಿಷಕ್ಕೆ ಹೊತ್ತಿಕೊಳ್ಳುವುದಿಲ್ಲ.

ಒಂದು ಲೆಕ್ಕ ಬಿಡಿಸಿ ನೋಡೋಣ. 250 ಕೆವಿಎ ಟಿ.ಸಿ., 433 ವೋಲ್ಟ್ ಕಡೆಯಲ್ಲಿ ಒಂದು ಫೇಸ್‌ಗೆ ಸುಮಾರು 333 ಆಂಪಿಯರ್‌ವರೆಗೆ ತಾಳುತ್ತದೆ. ರಾತ್ರಿ 8ಕ್ಕೆ ಕ್ಲ್ಯಾಂಪ್ ಮೀಟರ್ ಹಾಕಿದಾಗ ಆರ್ ಫೇಸ್ 310, ವೈ 190, ಬಿ 350 ಬಂತು ಅಂದುಕೊಳ್ಳಿ. ಬಿ ಫೇಸ್ ಮಿತಿ ಮೀರಿದೆ, ಆ ಫ್ಯೂಸ್ ಪದೇ ಪದೇ ಹೋಗುತ್ತದೆ, ಕರೆಂಟ್ ವಾಪಸ್ ಬರುವ ನ್ಯೂಟ್ರಲ್ ತಂತಿಯಲ್ಲಿ 144 ಆಂಪಿಯರ್ ಸುಮ್ಮನೆ ಹರಿಯುತ್ತದೆ. ಸಾಮಾನ್ಯವಾಗಿ ಬರುವ ಪ್ರಸ್ತಾವ: 500 ಕೆವಿಎಗೆ ಏರಿಸಿ. ಆದರೆ ಮೂರೂ ಸೇರಿ 850. ಸಮವಾಗಿ ಹಂಚಿದರೆ ಫೇಸ್‌ಗೆ 283, ಅಂದರೆ ಶೇ 85. ಕೆಲವು ಸಿಂಗಲ್ ಫೇಸ್ ಮನೆಗಳ ಸರ್ವಿಸ್ ವೈರನ್ನು ಬಿ ಮತ್ತು ಆರ್‌ನಿಂದ ವೈಗೆ ಬದಲಿಸಿದರೆ ಕೆಲಸ ಮುಗಿಯಿತು. ಒಬ್ಬ ಲೈನ್‌ಮನ್, ಒಬ್ಬ ಸಹಾಯಕ, ಲೈನ್ ಕ್ಲಿಯರ್ (ಕರೆಂಟ್ ತೆಗೆಸಿ ಕೆಲಸ ಮಾಡುವ ಅನುಮತಿ) ತೆಗೆದುಕೊಂಡು ಒಂದು ಮಧ್ಯಾಹ್ನ. ನ್ಯೂಟ್ರಲ್ ಮೇಲಿನ ಹೊರೆ ಇಳಿಯುವುದು ಬರೀ ನಷ್ಟದ ವಿಚಾರವಲ್ಲ. ಬಿಸಿಯಾಗಿ ಸಡಿಲಗೊಂಡ ನ್ಯೂಟ್ರಲ್ ಜಾಯಿಂಟ್ ಕಳಚಿದರೆ ಕಡಿಮೆ ಲೋಡ್ ಇರುವ ಫೇಸ್‌ನ ಮನೆಗಳಿಗೆ 230 ವೋಲ್ಟ್ ಬದಲು 350, 400 ನುಗ್ಗಿ ಟಿವಿ, ಫ್ರಿಜ್, ಸೋಲಾರ್ ಇನ್ವರ್ಟರ್ ಎಲ್ಲ ಒಂದೇ ಏಟಿಗೆ ಹೋಗುತ್ತವೆ. ಇಂಥ ಸಮತೋಲನದ ಕೆಲಸಕ್ಕೆ ಉದ್ಘಾಟನೆ ಇಲ್ಲ, ಫೋಟೊ ಇಲ್ಲ. ಅದಕ್ಕೇ ಯಾರ ಯೋಜನೆಯಲ್ಲೂ ಇದು ಕಾಣುವುದಿಲ್ಲ.

ಕಾವೇರಿ ಏರಿಸುವ ಕರೆಂಟು

1905ರ ಆಗಸ್ಟ್‌ನಲ್ಲಿ ಶಿವನಸಮುದ್ರದ ಕಾವೇರಿ ಬೆಂಗಳೂರಿಗೆ ಕರೆಂಟ್ ಕೊಟ್ಟಳು. ಈಗ ಅದೇ ಸೀಮೆಯ ತೊರೆಕಾಡನಹಳ್ಳಿಯಿಂದ ಕಾವೇರಿಯನ್ನು ಊರಿಗೆ ತರಲು ಬೆಂಗಳೂರು ಕರೆಂಟ್ ಸುರಿಯುತ್ತಿದೆ. ಸುಮಾರು 100 ಕಿ.ಮೀ. ದೂರ, 500 ಮೀಟರ್‌ನಷ್ಟು ಎತ್ತರ. ಒಂದು ಸಾವಿರ ಲೀಟರ್ ನೀರನ್ನು 500 ಮೀಟರ್ ಎತ್ತಲು ಭೌತಶಾಸ್ತ್ರದ ಪ್ರಕಾರ ಕನಿಷ್ಠ 1.36 ಯೂನಿಟ್, ಪಂಪು, ಮೋಟಾರು, ಪೈಪಿನ ಘರ್ಷಣೆ ಸೇರಿಸಿದರೆ ಸುಮಾರು 2 ಯೂನಿಟ್. 2024ರ ಅಕ್ಟೋಬರ್‌ನಲ್ಲಿ ಕಾವೇರಿ ನೀರಿನ ಯೋಜನೆಯ 5ನೇ ಹಂತದ ದಿನಕ್ಕೆ 775 ದಶಲಕ್ಷ ಲೀಟರ್ ಸೇರಿದ ಮೇಲೆ ಎಲ್ಲ ಹಂತಗಳ ಒಟ್ಟು ಸಾಮರ್ಥ್ಯ 2,225 ದಶಲಕ್ಷ ಲೀಟರ್. ಪೂರ್ತಿ ಓಡಿದರೆ ದಿನಕ್ಕೆ 44 ಲಕ್ಷ ಯೂನಿಟ್ ಆಸುಪಾಸು, ಹಗಲು ರಾತ್ರಿ ಎಡೆಬಿಡದ 185 ಮೆಗಾವಾಟ್ ಲೋಡ್.

ಪಂಪ್ ಮಾಡುವ ಒಟ್ಟು ನೀರಿನ ಶೇ 10ರಷ್ಟು ಸೋರಿಕೆ ತಗ್ಗಿಸಿದರೆ ದಿನಕ್ಕೆ 4.4 ಲಕ್ಷ ಯೂನಿಟ್ ಉಳಿತಾಯದ ಲೆಕ್ಕ. ಬೆಂಗಳೂರಿನಲ್ಲಿ ಒಂದು ಕಿಲೋವಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ; ಅಷ್ಟು ಯೂನಿಟ್ ಚಾವಣಿಯಿಂದ ಬರಬೇಕಾದರೆ 110 ಮೆಗಾವಾಟ್ ಪ್ಯಾನೆಲ್ ಬೇಕು. ಪೈಪ್ ಜಾಯಿಂಟ್ ರಿಪೇರಿ ಮಾಡುವವನು ಇಂಧನ ಇಲಾಖೆಯ ಲೆಕ್ಕಕ್ಕೆ ಬರುವುದೇ ಇಲ್ಲ. ‘ಉಳಿದ ನೀರು ಒಣಗಿದ ನಲ್ಲಿಗಳಿಗೆ ಹೋಗುತ್ತದೆ, ಪಂಪಿಂಗ್ ಏನೂ ಕಡಿಮೆಯಾಗುವುದಿಲ್ಲ’ ಅಂತ ಒಂದು ತಕರಾರು ಬರುತ್ತದೆ. ಸರಿ, ಒಪ್ಪೋಣ. ಆದರೆ ಆ ನಲ್ಲಿಯವರು ಈಗ ಕುಡಿಯುತ್ತಿರುವುದು ಬೋರ್‌ವೆಲ್ ನೀರು. 1,000 ಅಡಿ ಆಳದಿಂದ ಎತ್ತುವ ಸಬ್‌ಮರ್ಸಿಬಲ್ ಶೇ 40ರ ದಕ್ಷತೆಯಲ್ಲಿ ಓಡಿದರೆ ಅಲ್ಲೂ ಸಾವಿರ ಲೀಟರ್‌ಗೆ 2 ಯೂನಿಟ್ಟೇ. ಟ್ಯಾಂಕರ್‌ನ ಡೀಸೆಲ್ ಬೇರೆ.

ಪಂಪಿಂಗನ್ನು ಬಿಸಿಲಿನ ಹೊತ್ತಿಗೆ ತಳ್ಳಬಹುದೇ? ಪೂರ್ತಿ ಆಗುವುದಿಲ್ಲ. ಇಷ್ಟು ಉದ್ದದ ಪೈಪ್‌ಲೈನ್‌ನಲ್ಲಿ ದೊಡ್ಡ ಪಂಪನ್ನು ದಿನಾ ನಿಲ್ಲಿಸಿ ಓಡಿಸಿದರೆ ನೀರಿನ ಹೊಡೆತಕ್ಕೆ ವಾಲ್ವ್, ಜಾಯಿಂಟ್ ಸಡಿಲವಾಗುತ್ತವೆ; ಊರೊಳಗಿನ ನೆಲಮಟ್ಟದ ಜಲಾಗಾರಗಳಲ್ಲಿ ಅಷ್ಟು ಹೊತ್ತಿನ ದಾಸ್ತಾನೂ ಇರಬೇಕು. ಆದರೆ ಊರೊಳಗೆ ಜಲಾಗಾರದಿಂದ ಓವರ್‌ಹೆಡ್ ಟ್ಯಾಂಕಿಗೆ ಏರಿಸುವ ಪಂಪುಗಳು, ಅಪಾರ್ಟ್‌ಮೆಂಟ್‌ಗಳ ಸಂಪ್ ಮೋಟಾರುಗಳು ಇವನ್ನೆಲ್ಲ 10ರಿಂದ 4ರ ಒಳಗೆ ಓಡಿಸಲು ಒಂದು ಟೈಮರ್ ಸಾಕು. ಸಂಜೆ 7ಕ್ಕೆ ಸಂಪ್ ಮೋಟಾರ್ ಹಾಕುವ ವಾಚ್‌ಮನ್‌ಗೆ ಯಾರೂ ಬೇರೆ ಹೊತ್ತು ಹೇಳಿಯೇ ಇರುವುದಿಲ್ಲ.

ಚಾವಣಿಯ ಸೋಲಾರ್: ಯಾರಿಗೆ, ಎಲ್ಲಿ

ಕೇಂದ್ರದ ಚಾವಣಿ ಸೋಲಾರ್ ಯೋಜನೆ ಪಿಎಂ ಸೂರ್ಯಘರ್‌ನಲ್ಲಿ ಮೊದಲ 2 ಕಿಲೋವಾಟ್‌ಗೆ ತಲಾ 30 ಸಾವಿರ, ಮೂರನೆಯದಕ್ಕೆ 18 ಸಾವಿರ, ಒಟ್ಟು 78 ಸಾವಿರ ರೂ. ಸಬ್ಸಿಡಿ. 3 ಕಿಲೋವಾಟ್ ತಿಂಗಳಿಗೆ ಸುಮಾರು 350 ಯೂನಿಟ್ ಕೊಡುತ್ತದೆ. ಕೇಳಲು ಚೆನ್ನಾಗಿದೆ. ಆದರೆ 2023ರಿಂದ ಗೃಹಜ್ಯೋತಿ ಇದೆ. ತಿಂಗಳಿಗೆ 120 ಯೂನಿಟ್ ಬಳಸುವ ಮನೆಗೆ ಬಿಲ್ಲೇ ಸೊನ್ನೆ. ಆ ಮನೆಯವರು ಕೈಯಿಂದ ಲಕ್ಷ ಹಾಕಿ ಪ್ಯಾನೆಲ್ ಯಾಕೆ ಹಾಕಿಸುತ್ತಾರೆ? ಎಲ್ಲ ಮನೆಗೂ ಕರಪತ್ರ ಹಂಚುವ ಬದಲು 200 ಯೂನಿಟ್ ದಾಟುವ ಆರ್.ಆರ್. ನಂಬರ್‌ಗಳನ್ನು, ಅಪಾರ್ಟ್‌ಮೆಂಟ್‌ಗಳ ಕಾಮನ್ ಮೀಟರ್‌ಗಳನ್ನು ಹಿಡಿಯಬೇಕು. ವಸತಿ ಸಂಘಗಳ ಲಿಫ್ಟ್, ಪಂಪ್, ಚಾರ್ಜಿಂಗ್‌ನಂಥ ಕಾಮನ್ ಬಳಕೆಗೆ ಕಿಲೋವಾಟ್‌ಗೆ 18 ಸಾವಿರದಂತೆ ಸಬ್ಸಿಡಿ ಇದೆ. ಅದು ಅನೇಕ ಸಂಘಗಳಿಗೆ ಗೊತ್ತಿರುವಂತೆ ಕಾಣುವುದಿಲ್ಲ.

30×40 ಸೈಟಿನ ಚಾವಣಿ ಅಂದರೆ 1,200 ಚದರಡಿ ಅಲ್ಲ. ಮೆಟ್ಟಿಲ ಕೋಣೆ, ಸಿಂಟೆಕ್ಸ್ ಟ್ಯಾಂಕ್, ಸೋಲಾರ್ ಹೀಟರ್, ಬಟ್ಟೆ ಒಣಗಿಸುವ ಹಗ್ಗ ಕಳೆದರೆ 300ರಿಂದ 400 ಚದರಡಿ ಸಿಕ್ಕರೆ ಪುಣ್ಯ. ಕಿಲೋವಾಟ್‌ಗೆ ಓಡಾಟದ ಜಾಗ ಸೇರಿ 80ರಿಂದ 100 ಚದರಡಿ ಹಿಡಿಯಿರಿ. ದಕ್ಷಿಣಕ್ಕೆ ಮುಖ, 13 ಡಿಗ್ರಿಯಷ್ಟು ಓರೆ. ಟ್ಯಾಂಕಿನ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ದರೂ ಆ ಇಡೀ ಸಾಲಿನ ಉತ್ಪಾದನೆ ಇಳಿಯುತ್ತದೆ, ಹಾಗಾಗಿ ಜನವರಿಯ ಬೆಳಿಗ್ಗೆ 9 ಮತ್ತು ಮಧ್ಯಾಹ್ನ 3ರ ನೆರಳು ಗುರುತು ಮಾಡಿಕೊಂಡು ಜಾಗ ಆರಿಸಬೇಕು. ಪಕ್ಕದವರು ಇನ್ನೊಂದು ಅಂತಸ್ತು ಏರಿಸಿದರೆ ಮಾಡುವುದಕ್ಕೆ ಏನೂ ಇಲ್ಲ.

2024ರ ಕೇಂದ್ರದ ನಿಯಮದಂತೆ 10 ಕಿಲೋವಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಪರಿಶೀಲನೆ ಬೇಕಿಲ್ಲ. ಜನಕ್ಕೆ ಇದು ಒಳ್ಳೆಯದೇ. ಆದರೆ ಪರಿಶೀಲನೆ ಇಲ್ಲ ಅಂದ ಮಾತ್ರಕ್ಕೆ ತೊಂದರೆ ಇಲ್ಲ ಅಂತಲ್ಲ. ಒಂದೇ ಬೀದಿಯ ಕೊನೆಯಲ್ಲಿ ಎಂಟು ಹತ್ತು ಮನೆ ಸೋಲಾರ್ ಹಾಕಿದರೆ ಭಾನುವಾರ ಮಧ್ಯಾಹ್ನ ಕರೆಂಟ್ ಹಿಂದಕ್ಕೆ ಹರಿದು ಲೈನಿನ ತುದಿಯಲ್ಲಿ ವೋಲ್ಟೇಜ್ 250 ದಾಟುತ್ತದೆ, ಇನ್ವರ್ಟರ್ ತಾನೇ ಕೈ ಎತ್ತಿ ನಿಲ್ಲುತ್ತದೆ. ಮನೆಯವರಿಗೆ ಬಿಲ್ ನೋಡಿದಾಗಲೇ ಗೊತ್ತಾಗುವುದು. ಪರಿಹಾರ ಸುಲಭದ ಕ್ರಮದಲ್ಲಿ ಹೀಗೆ: ಮನೆಯೊಳಗಿನ ಇನ್ವರ್ಟರ್‌ನಿಂದ ಮೀಟರ್‌ವರೆಗಿನ ಕೇಬಲ್ ದಪ್ಪ ಮಾಡಿ, ಒಂದೇ ಫೇಸ್‌ಗೆ ಎಲ್ಲ ಸೇರದಂತೆ ನೋಡಿ, ಟಿ.ಸಿ.ಗೆ ಟ್ಯಾಪ್ (ವೋಲ್ಟೇಜ್ ಹೊಂದಿಸುವ ಸ್ವಿಚ್) ಇದ್ದರೆ ವೋಲ್ಟೇಜನ್ನು ಒಂದು ಮೆಟ್ಟಿಲು ಇಳಿಸಿ. ಕೊನೆಗೆ ಕಂಬದ ಮೇಲಿನ ಎಬಿ ಕೇಬಲ್ (ಹೊದಿಕೆಯ ತಂತಿಗಳ ಕಟ್ಟು) ಬದಲಿಸಿ. ಇನ್ನೊಂದು ಮಾತು, ಬ್ಯಾಟರಿ ಇಲ್ಲದ ಸೋಲಾರ್, ಲೈನಿನ ಕರೆಂಟ್ ಹೋದ ಕೂಡಲೇ ನಿಲ್ಲುತ್ತದೆ. ಕಂಬದ ಮೇಲಿರುವ ಲೈನ್‌ಮನ್ ಜೀವ ಉಳಿಯಬೇಕಲ್ಲ, ಅದಕ್ಕೆ. ಮಾರುವವರು ಇದನ್ನು ಮೊದಲೇ ಹೇಳುವುದಿಲ್ಲ.

ಸೋಲಾರ್ ವಾಟರ್ ಹೀಟರ್ ವಿಷಯದಲ್ಲಿ ಬೆಂಗಳೂರು ದೇಶಕ್ಕೇ ಮುಂದೆ. ಹೊಸ ಮನೆಗೆ ಕಡ್ಡಾಯ ಮಾಡಿದ್ದು, ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆಯಂತೆ ತಿಂಗಳಿಗೆ 50 ರೂ.ವರೆಗೆ ರಿಯಾಯಿತಿ ಕೊಟ್ಟಿದ್ದು ಕೆಲಸ ಮಾಡಿತು, ಬೆಳಗಿನ ಪೀಕ್ ಇಳಿಯಿತು. ಆದರೆ ಬೋರ್‌ವೆಲ್ ಗಡಸು ನೀರಿಗೆ ಫ್ಲಾಟ್ ಪ್ಲೇಟ್‌ನ ತಾಮ್ರದ ಕೊಳವೆ ಕೆಲವೇ ವರ್ಷದಲ್ಲಿ ಸುಣ್ಣ ಕಟ್ಟುತ್ತದೆ. ಅಂಥ ಕಡೆ ಗಾಜಿನ ಟ್ಯೂಬಿನದೇ ಸರಿ, ವರ್ಷಕ್ಕೊಮ್ಮೆ ಟ್ಯಾಂಕ್ ತೊಳೆಯಬೇಕು. ಯೋಜಕರು ಮರೆಯುವುದು ಆಷಾಢದ ಮೋಡವನ್ನು. ನಾಲ್ಕು ದಿನ ಬಿಸಿಲು ಬರದಿದ್ದರೆ ಎಲ್ಲರೂ ಟ್ಯಾಂಕಿನೊಳಗಿನ 2 ಕಿಲೋವಾಟ್ ಕಾಯಿಲ್ ಹಾಕುತ್ತಾರೆ. ಒಂದು ಟಿ.ಸಿ.ಯಡಿ 60 ಮನೆ ಬೆಳಿಗ್ಗೆ 7ಕ್ಕೆ ಹಾಕಿದರೆ 120 ಕಿಲೋವಾಟ್. ಜುಲೈನ ವಾರವನ್ನು ಬಿಡಿಸಿ ನೋಡಿ ಅಂದದ್ದು ಇದಕ್ಕೇ. ಕಾಯಿಲ್‌ಗೆ ಟೈಮರ್ ಹಾಕಿ ಮಧ್ಯರಾತ್ರಿ ಕಾಯಿಸಿಟ್ಟರೆ ಬೆಳಿಗ್ಗೆಗೂ ಬಿಸಿ ಇರುತ್ತದೆ.

ಕರೆಂಟ್ ಹೋಗದಂತೆ ನೋಡಿಕೊಳ್ಳುವುದು

ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಕೊಂಬೆ ಬಿದ್ದು ಲೈನ್ ಹೋಗುವುದನ್ನು ತಪ್ಪಿಸಲು 11 ಕೆವಿ ಲೈನ್‌ಗಳನ್ನು ನೆಲದೊಳಗೆ ಇಳಿಸಲಾಗಿದೆ. ನಿರ್ಧಾರ ಸರಿಯೇ. ಆದರೆ ಮೇಲಿನ ತಂತಿ ಕಡಿದರೆ ಕಣ್ಣಿಗೆ ಕಾಣುತ್ತದೆ, ಗಂಟೆಯಲ್ಲಿ ಕಟ್ಟಬಹುದು. ಯುಜಿ (ನೆಲದೊಳಗಿನ) ಕೇಬಲ್ ಕೆಟ್ಟರೆ ದೋಷ ಎಲ್ಲಿದೆ ಎಂದು ಹುಡುಕಬೇಕು, ಅಗೆಯಬೇಕು, ಜಾಯಿಂಟ್ ಹಾಕಬೇಕು. ಅರ್ಧ ದಿನ ಹಿಡಿಯುತ್ತದೆ. ಕೆಡುವುದೂ ಹೆಚ್ಚಾಗಿ ಎರಡೇ ಕಾರಣಕ್ಕೆ: ರಸ್ತೆ ಅಗೆಯುವ ಜೆಸಿಬಿ, ಮಳೆಯಲ್ಲಿ ಅವಸರಕ್ಕೆ ಹಾಕಿದ ಜಾಯಿಂಟ್‌ನೊಳಗೆ ಸೇರಿದ ತೇವ.

ಹಾಗಾಗಿ ಯುಜಿ ಕೇಬಲ್‌ಗೆ ಬೆಲೆ ಬರುವುದು ಇನ್ನೊಂದು ಕಡೆಯಿಂದ ಕರೆಂಟ್ ಕೊಡುವ ದಾರಿ ಇದ್ದಾಗ. ಆರ್‌ಎಂಯು (ಫೀಡರ್‌ಗಳನ್ನು ಜೋಡಿಸುವ, ಬಿಡಿಸುವ ಸ್ವಿಚ್) ಪೆಟ್ಟಿಗೆ ಕೂರಿಸಿ ಎರಡು ಫೀಡರ್ ಸೇರಿಸಿದರೆ ರಿಂಗ್ ಆಯಿತು ಅನ್ನುತ್ತಾರೆ. 400 ಚದರ ಮಿ.ಮೀ. ಅಲ್ಯೂಮಿನಿಯಂ ಕೇಬಲ್ ನೆಲದೊಳಗೆ ಸುಮಾರು 300 ಆಂಪಿಯರ್ ಒಯ್ಯುತ್ತದೆ ಅಂತ ಹಿಡಿಯಿರಿ, ಅಂದರೆ 5.7 ಎಂವಿಎ (5,700 ಕೆವಿಎ). ಎರಡೂ ಫೀಡರ್ ಸಂಜೆ 250 ಆಂಪಿಯರ್‌ನಲ್ಲಿ ಓಡುತ್ತಿದ್ದರೆ ಒಂದು ಸತ್ತಾಗ ಇನ್ನೊಂದು ಹೇಗೆ ಹೊರುತ್ತದೆ? ಆ ರಿಂಗ್ ನಕ್ಷೆಯಲ್ಲಿ ಮಾತ್ರ. ಜೋಡಿ ಫೀಡರ್ ಆದರೆ ಪೀಕ್‌ನಲ್ಲಿ ತಲಾ ಅರ್ಧ, ಮೂರು ಸೇರಿ ಹಂಚಿಕೊಳ್ಳುವಂತಿದ್ದರೆ ತಲಾ ಮೂರನೇ ಎರಡು ಭಾಗ, ಅದಕ್ಕಿಂತ ಹೆಚ್ಚು ತುಂಬಬಾರದು. ಬಿಸಿನೀರು, ಫ್ಯಾನ್, ದೀಪದಲ್ಲಿ ಉಳಿಸುವ ಒಂದೊಂದು ಕಿಲೋವಾಟ್ ಸಂಜೆಯ ಹೊತ್ತಿನದಾದರೆ ಅದು ಇಲ್ಲಿ ಬಂದು ಕೂಡುತ್ತದೆ. ಕರೆಂಟ್ ಉಳಿಸುವುದು, ಕರೆಂಟ್ ಹೋಗದಂತೆ ನೋಡಿಕೊಳ್ಳುವುದು ಎರಡೂ ಒಂದೇ ಕೆಲಸ ಅನ್ನುವುದು ಈ ಲೆಕ್ಕದಲ್ಲಿ. 75 ವಾಟ್‌ನ ಫ್ಯಾನ್ ಬದಲು 30 ವಾಟ್‌ನ ಬಿಎಲ್‌ಡಿಸಿ (ಕಡಿಮೆ ಕರೆಂಟ್ ಎಳೆಯುವ ಹೊಸ ಮೋಟಾರಿನ ಫ್ಯಾನ್) ಹಾಕುವವರು ಗೋಡೆಯ ಹಳೇ ರೆಗ್ಯುಲೇಟರ್ ತೆಗೆಸಿ ನೇರ ಸಂಪರ್ಕ ಕೊಡಿಸಿ, ಇಲ್ಲದಿದ್ದರೆ ಒಳಗಿನ ಸರ್ಕ್ಯೂಟ್ ಸುಡುತ್ತದೆ.

ಇನ್ನು, ಕರೆಂಟ್ ಎಷ್ಟು ಹೊತ್ತು ಹೋಗಿತ್ತು ಎಂಬ ಅಧಿಕೃತ ಲೆಕ್ಕ ಫೀಡರ್ ಮಟ್ಟದ್ದು. ಟಿ.ಸಿ. ಫ್ಯೂಸ್ ಹೋಗಿ ಒಂದು ಬೀದಿ ಮೂರು ಗಂಟೆ ಕತ್ತಲಲ್ಲಿದ್ದರೆ ಅದು ಅಲ್ಲಿ ಕಾಣುವುದಿಲ್ಲ. ಬೆಸ್ಕಾಂ ಸಹಾಯವಾಣಿ 1912ಕ್ಕೆ ಬಂದ ದೂರುಗಳನ್ನು ಟಿ.ಸಿ.ವಾರು ಜೋಡಿಸಿದರೆ ನಿಜವಾದ ಪಟ್ಟಿ ಸಿಗುತ್ತದೆ.

ಅಪಾರ್ಟ್‌ಮೆಂಟ್‌ಗಳ ಡೀಸೆಲ್ ಜನರೇಟರ್ ಯಾರ ಯೋಜನೆಗೂ ಬಾರದ ವಿದ್ಯುತ್ ಸ್ಥಾವರ. ಲೀಟರ್‌ಗೆ ಮೂರು, ಮೂರೂವರೆ ಯೂನಿಟ್ ಬಂದರೆ ಹೆಚ್ಚು, 90 ರೂ. ಡೀಸೆಲ್‌ನಲ್ಲಿ ಯೂನಿಟ್‌ಗೆ 25ರಿಂದ 30 ರೂ. ನೂರು ಮನೆಯ ಕಟ್ಟಡದಲ್ಲಿ ಎರಡು ಲಿಫ್ಟ್, ಒಂದು ನೀರಿನ ಪಂಪ್, ಕಾರಿಡಾರ್ ದೀಪ ಇಷ್ಟಕ್ಕೆ ಸರಾಸರಿ 8ರಿಂದ 10 ಕಿಲೋವಾಟ್. ಒಂದೂವರೆ ಗಂಟೆಗೆ 15 ಯೂನಿಟ್. 20 ಯೂನಿಟ್‌ನ ಎಲ್‌ಎಫ್‌ಪಿ (ಲಿಥಿಯಂ) ಬ್ಯಾಟರಿ ಸಾಕು, ಎಸ್‌ಟಿಪಿ (ಕೊಳಚೆ ನೀರು ಶುದ್ಧಿ ಘಟಕ) ಬ್ಲೋವರನ್ನು ಆ ಸಾಲಿಗೆ ಸೇರಿಸದಿದ್ದರೆ. ಇನ್ವರ್ಟರ್ ಮಾತ್ರ ಲಿಫ್ಟ್ ಶುರುವಾಗುವಾಗಿನ ಎಳೆತ ತಡೆಯುವಂತಿರಬೇಕು. ಸರಾಸರಿ ನೋಡಿ 10 ಕಿಲೋವಾಟ್‌ನದು ಕೊಂಡರೆ ಎರಡೂ ಲಿಫ್ಟ್ ಒಟ್ಟಿಗೆ ಎದ್ದಾಗ ಟ್ರಿಪ್ ಆಗುತ್ತದೆ. ಯಲಹಂಕದ 370 ಮೆಗಾವಾಟ್ ಅನಿಲ ಸ್ಥಾವರವೂ ಇಂಥ ಆಪತ್ಕಾಲದ ಸರಕೇ, ಅನಿಲದ ಬೆಲೆ ನೋಡಿದರೆ ದಿನಾ ಓಡಿಸುವಂಥದ್ದಲ್ಲ.

ಬಸ್ಸು, ಬೀದಿದೀಪ

ಎಲೆಕ್ಟ್ರಿಕ್ ಸ್ಕೂಟರ್‌ಗಳಿಂದ ಲೈನಿಗೆ ಏನೂ ಆಗುವುದಿಲ್ಲ. ಬಸ್ ಡಿಪೋ ಬೇರೆ ಮಾತು. 100 ಬಸ್, ದಿನಕ್ಕೆ 200 ಕಿ.ಮೀ., ಕಿ.ಮೀ.ಗೆ 1.2 ಯೂನಿಟ್: ದಿನಕ್ಕೆ 24 ಸಾವಿರ. ರಾತ್ರಿಯ ಏಳು ತಾಸಿನಲ್ಲಿ ತುಂಬಿಸಲು ಸರಾಸರಿ 3.4 ಮೆಗಾವಾಟ್, ಒಂದು ಫೀಡರ್‌ನ ಅರ್ಧಕ್ಕಿಂತ ಹೆಚ್ಚು. ಸ್ಟೇಷನ್‌ನಿಂದ ಪ್ರತ್ಯೇಕ ಕೇಬಲ್ ಎಳೆಯಲು ರಸ್ತೆ ಅಗೆಯುವ ಅನುಮತಿ ಸೇರಿ ತಿಂಗಳುಗಟ್ಟಲೆ ಬೇಕು, ಬಸ್ಸಿಗೆ ಟೆಂಡರ್ ಕರೆಯುವ ದಿನವೇ ಕೇಬಲ್ ಅರ್ಜಿಯೂ ಹೋಗಬೇಕು. ಎರಡು ಎಕರೆ ಡಿಪೋಗೆ ಪೂರ್ತಿ ಸೋಲಾರ್ ಚಾವಣಿ ಹೊದಿಸಿದರೂ 800 ಕಿಲೋವಾಟ್, ದಿನಕ್ಕೆ 3,200 ಯೂನಿಟ್, ಬೇಕಾದ್ದರಲ್ಲಿ ಶೇ 13. ಅದೂ ಬಸ್ಸೆಲ್ಲ ರಸ್ತೆಯಲ್ಲಿರುವ ಹೊತ್ತಿಗೆ. ಪಾಳಿ ಬದಲಾಗುವ ಮಧ್ಯಾಹ್ನ 12ರಿಂದ 3ರ ನಡುವೆ ಮೂರನೇ ಒಂದು ಭಾಗ ಬಸ್‌ಗಳಿಗೆ ಒಂದೊಂದು ಗಂಟೆ ಚಾರ್ಜ್ ಸಿಗುವಂತೆ ವೇಳಾಪಟ್ಟಿ ಬರೆದರೆ ಅಗ್ಗದ ಹಗಲಿನ ಕರೆಂಟೂ ಸಿಗುತ್ತದೆ, ರಾತ್ರಿಯ ಚಾರ್ಜರ್‌ಗಳ ಸಂಖ್ಯೆಯೂ ಇಳಿಯುತ್ತದೆ.

ಬೀದಿದೀಪದ ಹೊರೆ ನೇರ ಸಂಜೆಯ ಪೀಕ್ ಮೇಲೇ ಬೀಳುತ್ತದೆ. 150 ವಾಟ್ ಸೋಡಿಯಂ ದೀಪ ಚೋಕ್ ಸೇರಿ 170 ಎಳೆಯುತ್ತದೆ, ಅದರ ಜಾಗಕ್ಕೆ 70 ವಾಟ್ ಎಲ್‌ಇಡಿ ಸಾಕು. ಒಂದು ಲಕ್ಷ ದೀಪ ಬದಲಿಸಿದರೆ ಸಂಜೆ 7ಕ್ಕೆ 10 ಮೆಗಾವಾಟ್ ಇಳಿಯಿತು. ದೀಪ ಬದಲಿಸಿ ಉಳಿತಾಯದಲ್ಲಿ ಪಾಲು ಪಡೆಯುವ ಗುತ್ತಿಗೆಗಳು ಮುರಿದುಬೀಳುವುದು ದೀಪದಿಂದಲ್ಲ, ಲೆಕ್ಕದಿಂದ. ಮೀಟರ್ ಇಲ್ಲದೆ, ಇರುವ ದೀಪಗಳ ವಾಟ್ ಕೂಡಿಸಿ ಬಿಲ್ ಹಾಕುವ ಕಡೆ ಎಲ್‌ಇಡಿ ಹಾಕಿದರೂ ಕಡತ ತಿದ್ದುವವರೆಗೆ ಬಿಲ್ ಅಷ್ಟೇ ಬರುತ್ತದೆ. ಉಳಿತಾಯದಲ್ಲಿ ಪಾಲು ಕೇಳುವ ಗುತ್ತಿಗೆದಾರನಿಗೂ ಪಾಲಿಕೆಗೂ ಜಗಳ ಶುರು. ಗಡಿಯಾರದಂಥ ಹಳೇ ಟೈಮರ್ ಕರೆಂಟ್ ಹೋದಷ್ಟು ಹೊತ್ತು ಹಿಂದೆ ಬಿದ್ದು, ಬೆಳಿಗ್ಗೆ 9ಕ್ಕೂ ದೀಪ ಉರಿಯುತ್ತಿರುತ್ತದೆ. ಬೆಂಗಳೂರಿನಲ್ಲಿ ಸೂರ್ಯ ಮುಳುಗುವುದು ನವೆಂಬರ್‌ನಲ್ಲಿ 5:50, ಜುಲೈನಲ್ಲಿ 6:50. ಇದನ್ನು ತಾನೇ ಲೆಕ್ಕ ಹಾಕುವ ಟೈಮರನ್ನು ಪ್ರತಿ ಸ್ವಿಚ್ ಪೆಟ್ಟಿಗೆಗೆ ಕೂರಿಸಿ, ಪಕ್ಕದಲ್ಲೇ ಮೀಟರ್ ಹಾಕಿ, ಹಳೇ ದೀಪಗಳಿರುವಾಗಲೇ ಮೂರು ತಿಂಗಳು ರೀಡಿಂಗ್ ತೆಗೆಯಬೇಕು. ಗುತ್ತಿಗೆಯಲ್ಲಿ ವಾಟ್ ಇಳಿದದ್ದರಿಂದ ಬಂದ ಉಳಿತಾಯ ಒಂದು ಕಾಲಂ, ಉರಿಯುವ ಗಂಟೆ ಇಳಿದದ್ದರಿಂದ ಬಂದದ್ದು ಇನ್ನೊಂದು ಕಾಲಂ. ಟೈಮರ್‌ನಿಂದ ಬಂದ ಉಳಿತಾಯ ಪೂರ್ತಿ ಪಾಲಿಕೆಗೇ ಸೇರಬೇಕು, ಅದನ್ನು ದೀಪದ ಲೆಕ್ಕಕ್ಕೆ ಬೆರೆಸಲು ಬಿಡಬಾರದು.